ಒಂಬತ್ತನೇ ತಾರೀಖು

ನವೆಂಬರ್ ಒಂದರಿಂದ ಎಂಟರ ತನಕ
ಗೋರಿ ಜಾಗದ ಗೇಟಿಗೆ ಕೀಲಿ ಇರೂದಿಲ್ಲ.
ದಿನಕ್ಕೊಂದು ಆತ್ಮ. ಎರಡಕ್ಕ ಕೇಳಬಾರದು.
ಪಾಪನಿವೇದನೆ ಆಗಿರಬೇಕು, ಪ್ರಸಾದ ತಗೊಂಡಿರಬೇಕು,
ಜಗದ್ಗುರುಗಳ ಮನಸ್ಸಿನಾಗ ಏನದ, ಅದರ ಸಲುವಾಗಿ
ಒಂದು ಪರಲೋಕ ಜಪ, ಒಂದು ನಮೋ ಮರಿಯ.
ಯಾವ ಮಠದ ಜಗದ್ಗುರು? ಅಂತಾಳ ಬಾಜೂ ಮನಿ ಗುರುಬಸವ್ವ.
ರೋಮಿನವರು ಅಂತೀನಿ.
ಅಷ್ಟು ದೂರ ಇದ್ದವರ ಮನಸ್ಸಿನಾಗ
ನಮ್ಮ ವಾಡಿ ಇರ್ತದೇನ?

‘ಪಾಪಕ್ಕೆ ಕ್ಷಮೆ ದೊರೆತರೂ ದಂಡ ಉಳಿಯುತ್ತದಮ್ಮ’
ಫಾದರ್ ಸಿಪ್ರಿಯನ್ ಮಂಗಳೂರಿನವರು, ಪುಸ್ತಕದ ಕನ್ನಡ.
ನಾ ನಮ್ಮ ಮಾತಿಗೆ ಹೊಳ್ಳಿಸಿಕೊಂಡೆ:
ಗುನ್ಹೆ ಮಾಫ್, ಸಜಾ ಬಾಕಿ.

ನನಗ ಇದನ್ನ ಯಾರೂ ಕಲಿಸಬೇಕಾಗಿರಲಿಲ್ಲ.
ನಮ್ಮಪ್ಪ ಇನ್ನಯ್ಯ, ಜಂಕ್ಷನ್ನಿನ ಕ್ಯಾಬಿನ್ನಿನಾಗ ಲಿವರ್‌ಮನ್,
ಗುಂಟೂರಿನಿಂದ ಒಂದು ಟ್ರಂಕು, ಒಂದು ಜಪಸರ ತಂದಾಂವ.
ಅಂವ ಎಳೆದರ ಮದ್ರಾಸ್ ಮೇಲ್ ಒಳಗ ಬರ್ತಿತ್ತು
ಎಳೀದಿದ್ದರ ಔಟರಿನಾಗ ನಿಂತೇ ಬಿಡ್ತಿತ್ತು,
ಒಳಗಿನ ಮಂದಿ ಕಿಡಕಿಯಾಗಿಂದ ಸಿಮೆಂಟಿನ ಧೂಳು ನೋಡಕೋತ.
ಶುದ್ಧೀಕರಣದ ಸ್ಥಳ ಅಂದರ ನನಗ ಇವತ್ತಿಗೂ ಅದೇ.
ಊರು ಕಾಣಸ್ತದ, ದೀಪ ಕಾಣಸ್ತಾವ,
ಇಳೀಲಾಕ ಬರೂದಿಲ್ಲ.

ಆ ರಾತ್ರಿ ಭೀಮಶಾ ಡಬ್ಬಿಗಳ ನಡು ಕೊಂಡಿ ಹಾಕ್ಲಾಕ ಇಳಿದಿದ್ದ.
ಅಪ್ಪ ಎಳೆದದ್ದು ಐದನೇ ಲಿವರ್.
ಇಂಜಿನ್ನು ಅವನ ಹಳಿಗೇ ಬಂತು.
ಇನ್‌ಕ್ವಾಯರಿ ಸಿಕಂದರಾಬಾದಿನಿಂದ ಬಂತು, ಚಹಾ ಕುಡೀತು,
ತಪ್ಪು ಸತ್ತವಂದೇ ಅಂತ ಬರಕೊಂಡು ಹೋಯ್ತು.
ಮಾಫ್.
ಅದರ ಮುಂದ ಹದಿನಾರು ವರ್ಷ ಅಪ್ಪ
ಗ್ವಾಡಿ ಕಡೆ ಮಾರಿ ಮಾಡೇ ಮಲಗಿದ.

ಅಂವ ಹೋದಾಗಿಂದ ಪ್ರತಿ ವರ್ಷ ಮೊದಲನೇ ದಿನ ಅವಂದು.
ಉಳಿದದ್ದು ಅವ್ವ, ತಮ್ಮ, ಮತ್ತ ಹೆಸರು ಅಳಿಸಿಹೋದ
ಒಂದು ಶಹಾಬಾದ್ ಕಲ್ಲು, ಅಳತಿ ನೋಡಿದರ ಕೂಸಿಂದು.
ಒಮ್ಮೆ ಕೇಳಿದೆ: ಫಾದರ್, ಪೂರ್ಣ ಅಂದರ ಪೂರ್ಣ ಅಲ್ಲೇನ್ರಿ?
ವರ್ಷಾ ವರ್ಷಾ ಯಾಕ?
ನಕ್ಕರು. ‘ಕೇಳುವವರ ಮನಸ್ಸೂ ಪೂರ್ಣವಿರಬೇಕಲ್ಲಮ್ಮ,
ಸಾಸಿವೆಯಷ್ಟು ಪಾಪಕ್ಕೂ ಅಂಟಿಕೊಂಡಿರಬಾರದು.’

ನಾ ಕೈಯಾಗಿನ ಮೇಣದ ಬತ್ತಿ ನೋಡಿದೆ.

ಆಗ ನನಗ ಒಂಬತ್ತು ವರ್ಷ.
ಡಬ್ಬಿಯ ಮ್ಯಾಲಿನ ಖಾನೆಯಾಗ ಅನ್ನ,
ಕೆಳಗಿನ ಖಾನೆಯಾಗ ಸೇಂದಿ.
ಅವ್ವ ಬ್ಯಾಡ ಅಂದಿದ್ದಳು. ಅಪ್ಪ ನಾಲ್ಕಾಣೆ ಕೊಟ್ಟಿದ್ದ.
ಕತ್ತಲದಾಗ ಹಳಿ ದಾಟಿ, ಮೆಟ್ಟಿಲು ಏರಿ ಕೊಟ್ಟಾಕಿ ನಾನೇ.
ಮರುದಿನ ಭೀಮಶಾನ ಹೆಣ ಒಯ್ಯುವಾಗ
ನನ್ನ ಬಾಯಾಗ ಪೆಪ್ಪರಮೆಂಟು ಇತ್ತು.

ಐವತ್ತೊಂದು ವರ್ಷ ಜಾಳಿಗಿ ಹಿಂದಿನ ಕಿವಿಗೆ
ಸುಳ್ಳು, ಸಿಟ್ಟು, ಶುಕ್ರವಾರ ತಿಂದ ಮೀನು, ಎಲ್ಲಾ ಹೇಳೀನಿ,
ಇದೊಂದು ಬಿಟ್ಟು.
ಅಂದರ ಅಷ್ಟೂ ನವೆಂಬರ್ ಖೊಟ್ಟಿ.
ಅಪ್ಪನ ಗಾಡಿಗೆ ಕೆಂಪು ತೋರಿಸಿ ನಿಂತಾಕಿ ನಾನೇ.

ಈ ವರ್ಷ ಹೇಳಿದೆ.
ಹೊರಗ ಗೂಡ್ಸ್ ಒಂದು ಪೂರಾ ಹಾದು ಹೋಗುವ ತನಕ
ಫಾದರ್ ಸುಮ್ಮನಿದ್ದರು.
‘ಆಗ ನೀವೊಂದು ಮಗುವಮ್ಮ.’
ಪ್ರಾಯಶ್ಚಿತ್ತಕ್ಕ ಮೂರೇ ಮೂರು ನಮೋ ಮರಿಯ.
ಇಷ್ಟು ಅಗ್ಗಕ್ಕ ಬಿಟ್ಟದ್ದಕ್ಕ ನನಗ ಸಿಟ್ಟು ಬಂತು.
ಭೀಮಶಾನ ಹೆಸರಿಗೂ ಒಂದು ದಿನ ನಡೀತದೇನ್ರಿ
ಅಂತ ಕೇಳಬೇಕಂತಿದ್ದೆ. ಕೇಳಲಿಲ್ಲ.
ಇಲ್ಲ ಅಂದರ?

ಇವತ್ತು ಒಂಬತ್ತು. ಗೇಟಿಗೆ ಕೀಲಿ ಬಿದ್ದದ.
ಇವತ್ತು ಹೋದರ ಯಾವ ಲೆಕ್ಕಕ್ಕೂ ಜಮಾ ಇಲ್ಲ.
ಹಳಿಯ ಆ ಕಡೆ, ಜಾಲಿ ಕಂಟಿ ನಡು
ಅವರ ಮಂದಿ ಮಣ್ಣು ಕೊಡುವ ಜಾಗ.
ಯಾವುದು ಅಂತ ಮೊಮ್ಮಗ ತೋರಿಸಿದ,
ಮೊಬೈಲಿನಿಂದ ತಲೆ ಎತ್ತಲಾರದೇ, ಕಾಲಿನಿಂದ.
ನೀವು ಯಾರ್ರಿ?
ಇನ್ನಯ್ಯನ ಮಗಳು.
ಯಾವ ಇನ್ನಯ್ಯ?

ಡಬ್ಬಿ ಇಳಿಸಿದೆ. ಎರಡೂ ಖಾನೆ ತೆಗೆದಿಟ್ಟೆ.
ಎರಡರಾಗೂ ಅನ್ನನೇ ಇತ್ತು.
ಯಾವ ಇನ್ನಯ್ಯ, ಅಂದ ಮತ್ತ.
ಕೂಡಪ್ಪ, ಅಂದೆ.